ಜೋಳದಷ್ಟು ಸಂದು

ತೀನ್ ಕಂದೀಲಿನ ಗುಜರಿಯಲ್ಲಿ
ತೂಕಕ್ಕೆ ಕೊಂಡದ್ದು, ಒಂದೂಕಾಲು ಕಿಲೋ.
ಮುಗುಳ್ನಗೆಗೆ ಬೇರೆ ದರ ಹಾಕಲಿಲ್ಲ ಸೇಠ.

ಶಕ್ತಿನಗರದ ಚಿಮಣಿ ರಾತ್ರಿಯೆಲ್ಲ ಉಗುಳಿದ್ದು
ಬೆಳಗಿಗೆ ಬುದ್ಧನ ಮಡಿಲಲ್ಲಿ.
ಹುಸೇನಮ್ಮ ಬಯ್ಯುವುದಿಲ್ಲ.
ಹುಣಸೆಹಣ್ಣು ಕಿವುಚಿ
ಅದೇ ಬೂದಿಯಲ್ಲಿ ಅದ್ದಿ ತಿಕ್ಕುತ್ತಾಳೆ
ಬೆನ್ನು, ಭುಜ, ಜೋತ ಕಿವಿ;
ಗುಂಗುರು ಕೂದಲಿಗೆ
ಮೊಮ್ಮಗಳ ಹಳೇ ಹಲ್ಲುಬ್ರಶ್ಶು.

ನೆಲ ಮುಟ್ಟಿ ಸಾಕ್ಷಿ ಕರೆದ
ಬಲಗೈ ಬೆರಳಿಗೆ ಬಂದಾಗ ಮಾತ್ರ
ಮೆಲ್ಲಗೆ.
ಹನ್ನೊಂದು ವರ್ಷ ತಿಕ್ಕಿ ತಿಕ್ಕಿ
ಈಗ ಪೀಠಕ್ಕೂ ಬೆರಳಿಗೂ ನಡುವೆ
ಜೋಳದ ಕಾಳಷ್ಟು ಸಂದು.

‘ಮುಟ್ಟವಲ್ದು ನೋಡಬೇ’
ಅನ್ನುತ್ತದೆ ಕೂಸು.

ಆ ಸಂದಿಗೆ ಒಂದು ಚಿಟಿಕೆ ಬೂದಿ ತುಂಬಿ
‘ಸಂಜಿತನ ಇದೇ ನಿನ್ನ ನೆಲ, ಹಿಡಕೋ’ ಅಂದು
ಪೊರಕೆ ಎತ್ತಿಕೊಂಡು
ಚಿಮಣಿ ಬುಡದ ಡ್ಯೂಟಿಗೆ
ನಡೆಯುತ್ತಾಳೆ.