ಘ ಮುಗಿದ ದಿನ

ಮೂರನೆಯ ಸಂಧಿ ಕಟ್ಟುವಾಗ ಘ ಮುಗಿಯಿತು.
ಖಾನೆಯೊಳಗೆ ಬೆರಳಾಡಿಸಿದೆ, ಬರೀ ಸೀಸದ ಧೂಳು.
"ದುರುಳ ಬರ್ತಿದ್ದಾನೆ ಸ್ವಾಮಿ," ಎಂದೆ,
"ಘ ಇಲ್ಲ, ಢ ಇಲ್ಲ, ಭ ನಾಲ್ಕೇ ಉಳಿದಿದೆ."
ಗುರುಶಾಂತಪ್ಪನವರು ಗಲ್ಲಾಪೆಟ್ಟಿಗೆಯಿಂದ ತಲೆಯೆತ್ತದೆ
"ಲಷ್ಕರ್ ಮೊಹಲ್ಲದ ಪ್ರೆಸ್ಸಲ್ಲಿ ಕಡ ತಗೊಂಡು ಬಾ" ಅಂದರು.

ಹೀಗೆ, ಒಬ್ಬ ಖಳನ ಗಂಟಲನ್ನು
ಬಿಸ್ಕತ್ತು ಡಬ್ಬಿಯಲ್ಲಿ ಗಲಗಲಿಸುತ್ತ
ಸೈಕಲ್ಲಿಗೆ ನೇತುಹಾಕಿ ತಂದವನು ನಾನು,
ಶಿವರಾಂಪೇಟೆಯವರೆಗೆ.

ಆಮೇಲೆ ಗಮನಿಸತೊಡಗಿದೆ.
ಓದುವವರು ಓಡುತ್ತಾರೆ.
ನಾವು ಮೊಳೆ ಜೋಡಿಸುವವರು
ಕನ್ನಡಿಯೊಳಗಿನ ಕನ್ನಡವನ್ನು
ಒಂದೊಂದೇ ಕಾಳು ಹೆಕ್ಕುತ್ತೇವೆ.
ಕವಿ ಯಾರಿಗೆ ಎಷ್ಟು ಅಳೆದ ಎಂಬುದು
ನಮ್ಮ ಹೆಬ್ಬೆರಳಿಗೆ ಗೊತ್ತು.

ರಾಜ ಬಂದಾಗ ನಲವತ್ತು ಸಾಲು:
ಕಿರೀಟ, ಭುಜ, ಕುದುರೆ, ಕುದುರೆಯ ಬೆವರು ಕೂಡ.
ರಾಣಿಯ ಮುಖ ಒಮ್ಮೆಯೂ ಇಲ್ಲ.
ಅವಳು ಹಾದು ಹೋದ ಮೇಲೆ
ಕಂಬಕ್ಕೊರಗಿದ್ದ ಕಾವಲಿನವನು
ಈಟಿಯನ್ನು ನೆಟ್ಟಗೆ ಹಿಡಿದ ಅಂತ ಮಾತ್ರ ಇದೆ.
ಅಷ್ಟರಲ್ಲೇ ನನಗೆ ಅವಳ ನಡಿಗೆ ಕಂಡಿತು.
ಅವಳು ಅಳುವ ಪುಟದಲ್ಲಿ ಒತ್ತಕ್ಷರವೇ ಇಲ್ಲ;
ಲ, ನ, ಮ, ಮಧ್ಯಾಹ್ನದೊಳಗೆ ಮೂರು ಖಾನೆ ಬರಿದು.

ಕರಡು ತಿದ್ದಲು ಸಂಪತ್ತಯ್ಯಂಗಾರ್ ಪಂಡಿತರು ಬರುವರು
ಮಿಲ್ಲಿನ ಎರಡನೇ ಸೈರನ್ನಿಗೆ ಸರಿಯಾಗಿ,
ಕೆಂಪು ಶಾಯಿ, ನಶ್ಯದ ಡಬ್ಬಿ.
"ಇದರ ತಾತ್ಪರ್ಯ ಎಲ್ಲಿದೆ ಸ್ವಾಮಿ?" ಕೇಳಿದೆ.
"ಕೊನೇ ಪದ್ಯ ನೋಡು. ಧರ್ಮ ಅಂತ ಐದು ಸಲ ಇದೆ."
ನೋಡಿದ್ದೆ. ಐದೂ ಅರ್ಕಾವೊತ್ತು ಹಾಕಿದವನೇ ನಾನು.

ಆದರೆ ಮೂರನೆಯ ಸಂಧಿಯಲ್ಲಿ ಒಂದು ಸಾಲಿತ್ತು:
      ಸೊಡರನೊರ್ವಳು ತಂದು ನಿಲಿಸಲು
ಅಷ್ಟೇ. ಮುಂದಿನ ಸಾಲಿಗೆ ರಾಜ ಬಾಯಿ ತೆರೆಯುತ್ತಾನೆ.
ಒರ್ವಳು. ಮುಖವಿಲ್ಲ, ಸೀರೆಯಿಲ್ಲ,
ಪೂರ್ತಿ ಕ್ರಿಯಾಪದವೂ ಇಲ್ಲ ಅವಳಿಗೆ.
ಐದು ಸಂಧಿ ಕಳೆದು, ಎಲ್ಲ ಸೋತು,
ಕತ್ತಲ ಕೋಣೆಯಲ್ಲಿ ರಾಜ "ಯಾರಲ್ಲಿ?" ಅನ್ನುತ್ತಾನೆ.
ಯಾರೂ ಇಲ್ಲ.
ಹಿಂದೊಂದು ದೀಪವಿತ್ತಲ್ಲ ಎಂದು ಕವಿ ನೆನಪಿಸುವುದಿಲ್ಲ,
ಬೆರಳು ತೋರುವುದಿಲ್ಲ, ಮುಂದಕ್ಕೆ ಹೋಗುತ್ತಾನೆ.
ನಾನು ಮಾತ್ರ ಸ್ಟಿಕ್ಕು ಹಿಡಿದು ಅಲ್ಲೇ ನಿಂತೆ.

ಬನ್ನೂರಿನಲ್ಲಿ ನಮ್ಮಕ್ಕ ಮಂಚಮ್ಮ
ಶಾನುಭೋಗರ ಮನೆಗೆ ಮುಸ್ಸಂಜೆ
ಲಾಟೀನು ಒರೆಸಿ ಹಚ್ಚಲು ಹೋಗುವಳು.
ಜಗುಲಿಯಲ್ಲಿ ಕಾವ್ಯ ಓದುತ್ತಿದ್ದರು.
ದೀಪ ಇಟ್ಟವಳು ಹೊರಟುಬಿಡಬೇಕು;
ಬೂದಿ ಮೆತ್ತಿದ ಕೈಯಲ್ಲೇ ಕೊಟ್ಟಿಗೆಯ ಗೋಡೆಗೊರಗಿ
ಕೇಳಿಸಿಕೊಂಡು ಬರುವಳು.
ರಾತ್ರಿ ಮುದ್ದೆ ತೊಳಸುತ್ತ
ಖಳನ ದನಿ ತೆಗೆದು ನನ್ನನ್ನು ಹೆದರಿಸುವಳು.
ಘ ಅವಳ ಬಾಯಿಗೆ ಬಾರದು, ಗ ಅನ್ನುವಳು.
ಆ ಗ-ಗೇ ನಾನು ಹೆದರುತ್ತಿದ್ದೆ.

ಹಾಗಾಗಿ ಒಂದು ಸಂಜೆ, ಪ್ರೆಸ್ಸಲ್ಲಿ ಯಾರೂ ಇಲ್ಲದಾಗ:
      ಸೊಡರ ಮಂಚಿಯು ತಂದು ನಿಲಿಸಲು
ಮಾತ್ರೆ ಎಣಿಸಿದೆ. ಒಂದೂ ಹೆಚ್ಚಿಲ್ಲ, ಕಡಿಮೆಯಿಲ್ಲ.
ಬೇಕೆಂದೇ ಅಷ್ಟು ಜಾಗ ಬಿಟ್ಟಿದ್ದನೇನೋ ಕವಿ
ಅನ್ನಿಸಿತು. ಸುಳ್ಳಿರಬಹುದು.

ಮೊದಲ ಕರಡಿನಲ್ಲಿ ಪಂಡಿತರ ಕಣ್ಣು ಜಾರಿತು.
ಎರಡನೆಯದರಲ್ಲಿ ನಿಂತಿತು.
ನಶ್ಯ ಏರಿಸಿದರು. ನನ್ನನ್ನು ನೋಡಿದರು.
"ಯಾವ ಓಲೆಯ ಪಾಠಾಂತರವಯ್ಯ ಇದು?"
"ಬನ್ನೂರಿನದು ಸ್ವಾಮಿ."
ಲೇಖನಿ ಬಹಳ ಹೊತ್ತು ಮೇಲೇ ಇತ್ತು,
ಒಂದು ಕೆಂಪು ಹನಿ ಬಿತ್ತು,
ಆಮೇಲೆ ಹೊಡೆದು ಹಾಕಿದರು.
ಹಾಕಲೇಬೇಕು. ನಾನಾದರೂ ಹಾಕುತ್ತಿದ್ದೆ.

ಅಚ್ಚಾದ ಮೇಲೆ ಎಲ್ಲ ಬಿಚ್ಚಿ ಖಾನೆಗೆ ಹಂಚಿದೆವು,
ರಾಜನ ಜ, ಒರ್ವಳ ವ, ಒಂದೇ ಮರದ ಪೆಟ್ಟಿಗೆಗೆ.
ಕಡ ತಂದ ಘ ವಾಪಸು ಕೊಡುವ ಮುನ್ನ
ದೇವರಾಜ ಮಾರುಕಟ್ಟೆಯ ಅಂಗಡಿಯ ಹ್ಯಾಂಡ್‌ಬಿಲ್ಲಿಗೆ
ಎರಡು ಬೇಕಾಯಿತು: ಘಮಘಮಿಸುವ ತುಪ್ಪ.

ಮಂಚಿಯ ಮೂರು ಮೊಳೆ ಮಾತ್ರ ಖಾನೆಗೆ ಹೋಗಲಿಲ್ಲ.
ಸೀಸ ಭಾರ. ಈ ಅಂಗಿಯ ಜೇಬು
ಎರಡು ಸಲ ಹೊಲಿಸಿದ್ದೇನೆ.