ತೆರೆದ ಎಕಾರ

ಕುಳಿತುಕೊಳ್ಳಿ. ಆ ಕುರ್ಚಿಯ ಎಡಗಾಲು ಸ್ವಲ್ಪ ಗಿಡ್ಡ,
ಜಾಗ್ರತೆ. ಇನ್ನು ಅದು ನಿಮ್ಮದೇ.
ಸಾಕ್ಷಿಕಟ್ಟೆಗೆ ಇಲ್ಲಿಂದ ಒಂದು ಮೊಳ,
ಟೈಪಿಸ್ಟಿಗೆ ಎರಡು, ಜಡ್ಜರಿಗೆ ಹತ್ತು.
ಈ ಅಳತೆ ನೆನಪಿರಲಿ.

ತುಳು ನಿಮ್ಮ ಮನೆಮಾತಲ್ಲ, ಕಲಿತದ್ದು ಅಂದಿರಿ.
ಹಾಗಾದರೆ ಒಂದು ಪಾಠ ಬಾಕಿ ಉಂಟು.
ಮಲ್ತೆ.
ಅಂದರೆ ಮಾಡಿದೆ, ನಾನು.
ಮಲ್ತೆ.
ಅಂದರೆ ಮಾಡಿದ, ಅವನು.
ಕನ್ನಡ ಲಿಪಿಯಲ್ಲಿ ಬರೆದರೆ ಎರಡೂ ಒಂದೇ,
ಬಾಯಲ್ಲಿ ಮಾತ್ರ ಬೇರೆ.
ಕೊನೆಯ ಎಕಾರಕ್ಕೆ ದವಡೆ
ಒಂದು ಅಕ್ಕಿಕಾಳಿನಷ್ಟು ಕೆಳಗಿಳಿದರೆ ನಾನು,
ಇಳಿಯದಿದ್ದರೆ ಅವನು.
ಆ ಅಕ್ಕಿಕಾಳಿಗೇ ನಮಗೆ ಸರ್ಕಾರದ ಸಂಬಳ.

ದಕ್ಕೆಯ ಐಸ್ ಪ್ಲಾಂಟಿನ ಕೇಸು ನೀವು ಕೇಳಿರಲಿಕ್ಕಿಲ್ಲ.
ರೈಟರ್ ಸದಾನಂದ ಮೂರು ದಿನ
ಐಸಿನ ದಿಮ್ಮಿಗಳ ನಡುವೆ ಇದ್ದ.
ಮುಖ ಕೆಟ್ಟಿರಲಿಲ್ಲ, ರೆಪ್ಪೆಯಲ್ಲಿ ಬಿಳಿ ಹರಳು.
ಆರೋಪಿ ಮಾಲಕ ಧೂಮಪ್ಪ ಕರ್ಕೇರ,
ಇಬ್ಬರಿಗೂ ಲೆಕ್ಕದ ಜಗಳ.
ಸಾಕ್ಷಿ ಬೆಂಗ್ರೆಯ ಕಮಲಾಕ್ಷಿ, ಮೀನು ವಿಂಗಡಿಸುವವಳು.
ಅವಳ ಹದಿನಾರರ ಮಗಳೂ ಅದೇ ಪ್ಲಾಂಟಿಗೆ ಹೋಗುತ್ತಿದ್ದಳು.
ಆ ವರ್ಷದ ಮಾರ್ನೆಮಿಯಿಂದ ಹೋಗುತ್ತಿರಲಿಲ್ಲ,
ಮಾತೂ ಆಡುತ್ತಿರಲಿಲ್ಲ.
ಅದನ್ನು ಯಾರೂ ಕೇಳಲಿಲ್ಲ.
ಕೇಳದ್ದನ್ನು ನಾವು ಅನುವಾದಿಸುವಂತಿಲ್ಲ.

ಬೀದರದ ಕಡೆಯ ಜಡ್ಜರು ಕೇಳಿದರು, ಯಾರು ಮಾಡಿದ್ದು?
ನಾನು ತಿರುಗಿಸಿದೆ: ಏರ್ ಮಲ್ತಿನಿ?
ಫ್ಯಾನು ಕಟಕಟ ಅನ್ನುತ್ತಿತ್ತು.
ವಕೀಲರಿಬ್ಬರೂ ಕಡತದೊಳಗೆ ತಲೆ ಹುದುಗಿಸಿದ್ದರು.
ಅವಳು ಜಡ್ಜರನ್ನಲ್ಲ, ನನ್ನನ್ನು ನೋಡಿದಳು.
ಮಲ್ತೆ, ಅಂದಳು.

ಒಂದು ಮೊಳದ ದೂರ.
ಕೆಳಸಾಲಿನ ಹಲ್ಲು ಕಂಡಿತು, ಒಂದು ಮುರಿದದ್ದು.

ಅವನು ಮಾಡಿದ, ಅಂದೆ.
ಟೈಪಿಸ್ಟ್ ಕುಟ್ಟಿದ.

ಕರುಣೆ ಅಂತ ಹೇಳಿಕೊಂಡೆ, ಬಹಳ ವರ್ಷ.
ಮಾತು ಬಿಟ್ಟ ಹುಡುಗಿಗೆ ತಾಯಿಯಾದರೂ ಬೇಡವೇ?
ಚಂದದ ಮಾತು. ನನಗೂ ನಂಬಿಕೆ ಬಂದಿತ್ತು.
ಆದರೆ ಕಟಕಟೆಯ ಮೇಲೆ ಧೂಮಪ್ಪನ ಕೈ ಇತ್ತು,
ಹೆಬ್ಬೆರಳಿನಿಂದ ಉಂಗುರ ತಿರುಗಿಸುತ್ತ.
ಏಳುನೂರು ರೂಪಾಯಿ ಸಾಲಕ್ಕೆ
ನನ್ನ ಅಪ್ಪನ ದೋಣಿ ಎಳೆದೊಯ್ದು,
ಹೆಸರು ಕೆರೆದು, ಬೇರೆ ಬರೆಸಿದ ಕೈ.
ಅಪ್ಪ ಆಮೇಲೆ ಊಟಕ್ಕೆ ಕೂತರೆ
ನದಿಗೆ ಬೆನ್ನು ಹಾಕಿಯೇ ಕೂರುತ್ತಿದ್ದರು.
ಕರುಣೆ ಎಷ್ಟು, ದೋಣಿ ಎಷ್ಟು?
ತೂಗಿ ನೋಡಿದ್ದೇನೆ.
ತಕ್ಕಡಿಯ ಮುಳ್ಳು ದಿನಕ್ಕೊಂದು ಕಡೆ ನಿಲ್ಲುತ್ತದೆ.

ಪ್ರತಿ ಬುಧವಾರ ಕಮಲಾಕ್ಷಿ ಬುಟ್ಟಿ ಇಳಿಸುತ್ತಾಳೆ.
ಬಂಗುಡೆ, ಸಿಕ್ಕಿದ ದಿನ ಕಾಣೆ.
ದುಡ್ಡು ಮುಟ್ಟುವುದಿಲ್ಲ. ಮಾತಿಲ್ಲ.
ಎಂಥ ಒಳ್ಳೆಯ ಹೆಂಗಸು, ಅನ್ನುತ್ತಾಳೆ ನನ್ನ ಹೆಂಡತಿ.
ನಾನು ತಿನ್ನುತ್ತೇನೆ.
ಮುಳ್ಳು ಬಿಡಿಸಿ, ತಲೆ ಚೀಪಿ,
ಚೆನ್ನಾಗಿಯೇ ತಿನ್ನುತ್ತೇನೆ.

ಮೊನ್ನೆ ಬೆಂಗ್ರೆಯ ಬೋಟಿನಲ್ಲಿ
ಪಕ್ಕಕ್ಕೆ ಯಾರೋ ಬಂದು ಕೂತರು.
ಹದಿನಾಲ್ಕು ವರ್ಷಕ್ಕೆ ಮನುಷ್ಯ
ಅಷ್ಟು ಸಣ್ಣಗಾಗುತ್ತಾನೆ ಅಂತ ಗೊತ್ತಿರಲಿಲ್ಲ ಮಾರಾಯ್ರೇ.
ಹೆಬ್ಬೆರಳು ಮಾತ್ರ
ಇಲ್ಲದ ಉಂಗುರವನ್ನು ತಿರುಗಿಸುತ್ತಿತ್ತು.
ಬೈಯಲಿಲ್ಲ. ಕೈ ಎತ್ತಲಿಲ್ಲ.
ಗಂಟೆ ಎಷ್ಟಾಯಿತು ಅನ್ನುವ ಹಾಗೆ,
ನೀರು ನೋಡುತ್ತ ಕೇಳಿದ:
ಏರ್ ಮಲ್ತಿನಿ?

ಎಂಜಿನ್ನಿನ ಸದ್ದು. ಡೀಸಲಿನ ಹೊಗೆ.
ಮೂವತ್ತು ವರ್ಷ ಕಂಡವರ ಬಾಯಾಗಿದ್ದ ಬಾಯಿ ತೆರೆದೆ.
ಮಲ್ತೆ, ಅಂದೆ.

ಬರೆದುಕೊಳ್ಳುತ್ತಿದ್ದೀರಾ? ಬರೆದುಕೊಳ್ಳಿ,
ಕಾಗದದಲ್ಲಿ ಏನೂ ತಿಳಿಯುವುದಿಲ್ಲ.
ಅವನೋ ನನ್ನ ಬಾಯಿಯನ್ನೇ ನೋಡುತ್ತಿದ್ದ.
ಅಷ್ಟರಲ್ಲಿ ದಡ ತಾಗಿ ಬೋಟು ಕುಲುಕಿತು,
ಟಿಕೇಟಿನ ಹುಡುಗ ನನ್ನ ನೋಟು ನೋಡಿ ಚಿಲ್ಲರೆ ಇಲ್ಲ ಅಂದ,
ಇಬ್ಬರದ್ದೂ ಸೇರಿಸಿ
ಧೂಮಪ್ಪನೇ ಕೊಟ್ಟ.