ಹದಿನಾಲ್ಕನೆಯ ರೀಲು

ಅಮಾಸಿಗೆ ಬನಹಟ್ಟಿಯ ಮಗ್ಗಗಳು ಬಾಯಿ ಮುಚ್ಚುತ್ತವೆ.
ಆ ಒಂದು ರಾತ್ರಿ ಶೆಡ್ಡಿನೊಳಗೆ
ಪಿಸುಮಾತೂ ಕೇಳುತ್ತದೆ. ಅದಕ್ಕೇ
ಪಿಸುಮಾತಿನ ಸಿನೆಮಾಗಳನ್ನೇ ಹುಡುಕಿ ಹಾಕುತ್ತೇವೆ.
ಯಾರೂ ಕುಣಿಯದ, ಯಾರೂ ಯಾರನ್ನೂ ಹೊಡೆಯದ,
ಥೇಟರಿನಲ್ಲಿ ಮೂರು ದಿನ ನಿಲ್ಲದ ಸಿನೆಮಾ.

ಪರದೆ, ನಾನೇ ನೇಯ್ದ ಕೋರಾ ಬಟ್ಟೆ.
ಬಲಗಡೆ ಒಂದು ಗಂಟು ಉಳಿದಿದೆ,
ರಾತ್ರಿ ಪಾಳಿಯಲ್ಲಿ ನನ್ನ ಕಣ್ಣು ಹತ್ತಿದ ಗುರುತು.
ಯಾವ ದೇಶದ ನಾಯಕಿ ಬಂದರೂ
ಅಲ್ಲಿ ಹಾಯುವಾಗ ಕೆನ್ನೆಗೊಂದು ಮಚ್ಚೆ.
"ಇಕಿನೂ ನಮ್ಮಾಕಿನ" ಅನ್ನುತ್ತಾಳೆ ದುಂಡವ್ವ.

ಪೆನ್‌ಡ್ರೈವ್ ತರುವವ ಪದ್ಮಣ್ಣ ಉಪಾಧ್ಯೆ,
ಸಾಂಗ್ಲಿಯಿಂದ, ಮೀರಜದಿಂದ, ಹೇಳಬಾರದ ಕಡೆಯಿಂದ.
ತಂದದ್ದು ನಮಗೆ ಸೇರದಿದ್ದರೆ
ಮುಂದಿನ ಅಮಾಸಿವರೆಗೂ ಮಾತು ಬಿಡುತ್ತಾನೆ.
ನಾವಲಗಿ ಟೀಚರು ಕತ್ತಲಲ್ಲೇ ಟಿಪ್ಪಣಿ ಬರೆಯುತ್ತಾರೆ,
ಬೆಳಕಿನಲ್ಲಿ ಅದು ಅವರಿಗೂ ಓದಲು ಬಾರದು.
ಮೈಬೂಸಾಬ, ಹಿಂದೆ ಥೇಟರಿನ ಮಿಷನ್ ಓಡಿಸುತ್ತಿದ್ದವ,
ಚಿತ್ರ ನೋಡುವುದೇ ಇಲ್ಲ.
ನೆತ್ತಿಯ ಮೇಲೆ ಹಾಯುವ ಬೆಳಕಿನ ಕೋಲು,
ಅದರೊಳಗೆ ಈಜುವ ಹತ್ತಿಯ ಧೂಳು,
ಅವನಿಗೆ ಅಷ್ಟು ಸಾಕು.

ಈ ಸಲ ಬಂದದ್ದು ಬಾಗಿಲು ಹೊತ್ತ ಹೆಂಗಸು.
ಸಿನೆಮಾದ ಹೆಸರು ಗೊತ್ತಿಲ್ಲ, ಟೈಟಲ್ಲು ಹರಿದಿದೆ.
ಬೆನ್ನಿಗೆ ಬಾಗಿಲು ಕಟ್ಟಿಕೊಂಡು
ಬಯಲಿಗೆ ಬಯಲು ದಾಟುತ್ತಾಳೆ.
ರಾತ್ರಿಯಾದರೆ ಮರಳಿನಲ್ಲಿ ಅದನ್ನು ನಿಲ್ಲಿಸಿ
ಮೂರು ಸಲ ಬಡಿದು, ಕಾದು,
ಅದರ ನೆರಳಿಗೇ ಮಲಗುತ್ತಾಳೆ.
ಕೊನೆಗೊಮ್ಮೆ ಬಡಿಯಲು ಕೈ ಎತ್ತುತ್ತಾಳೆ.
ಚಿತ್ರ ಅಲ್ಲಿಗೇ ನಿಲ್ಲುತ್ತದೆ.

"ಎತ್ತಿದ ಕೈಗೆ ಮುಗಿಸ್ಯಾನ!
ಅದಕ್ಕ ಧೈರ್ಯ ಬೇಕು" ಅಂದರು ಟೀಚರು.
"ಮುಂದ ಕಟಗಿ ಮಾಡಿ ಸುಡತಾಳ,
ಚಳಿ ಐತೆಲ್ಲ" ಅಂದ ಪದ್ಮಣ್ಣ.
ದುಂಡವ್ವ ಎದ್ದೇ ನಿಂತಳು:
"ಸಣ್ಣಾಕಿದ್ದಾಗ ಇಲ್ಲೇ ನೋಡೇನಿ,
ಒಳಗಿಂದ ಯಾರೋ ಚಿಲಕ ತಗೀತಾರ.
ಸಪ್ಪಳ ಇನ್ನೂ ಕಿವಿಯಾಗೈತಿ."
ಚಹಾ ಆರಿತು. ಶೇಂಗಾ ಮುಗಿದವು.
ನಾನೂ ಏನೋ ಅಂದೆ, ಯಾರೂ ಕೇಳಲಿಲ್ಲ.

ಆಗ ಗೋಡೆಯ ಕಡೆಯಿಂದ ಮೈಬೂಸಾಬ:
"ಹದಿನಾಕನೇ ರೀಲ ಹಾಕ್ತಿದ್ದಿಲ್ಲ ನಾ.
ಜಮಖಂಡಿ ಕಡೀ ಬಸ್ಸು ಹನ್ನೆರಡೂಕಾಲಿಗೆ.
ಮಂದಿ ಹೆಂಗೂ ಎದ್ದು ಓಡತಿತ್ತು.
ವಾಪಸ್ ಕಳಸೂ ಮುಂದ ಡಬ್ಬಿ ಒಂದು ಇಲ್ಲೇ ಉಳೀತು.
ನೀವು ನೋಡಿದ್ದು ಅದ ಪ್ರಿಂಟು,
ಗೀರು ಗುರುತ ಹಿಡಿದೆ, ನನ್ನ ಮಿಷನ್ನಿಂದು."

ಟೀಚರು ಪೆನ್ನಿನ ಮುಚ್ಚಳ ಹಾಕಿದರು.
ಡಬ್ಬಿಯಲ್ಲಿ ಈಗ ಅವನ ಹೆಂಡತಿ ಹುಣಸೆಹಣ್ಣು ಇಟ್ಟಿದ್ದಾಳಂತೆ.
ರೀಲು ಬೆಲ್ಲದ ಮುದ್ದೆಯಾಗಿ ಅಂಟಿ
ಎಂದೋ ತಿಪ್ಪೆ ಸೇರಿತಂತೆ.
"ಒಮ್ಮೆ ಒಬ್ಬನ ಹಾಕ್ಕೊಂಡು ನೋಡಿದ್ದೆ,
ಖಾಲಿ ಥೇಟರಿನ್ಯಾಗ."

ಹೇಳು ಹೇಳು ಎಂದು ಬೆನ್ನು ಬಿದ್ದೆವು.
ಹೇಳಿದ.
ಏನೆಂದು ಇಲ್ಲಿ ಬರೆಯುವುದಿಲ್ಲ,
ಬರೆದರೆ ಎರಡು ಸಾಲು ಆಗುವುದಿಲ್ಲ.

"ಅಷ್ಟ?" ಅಂದಳು ದುಂಡವ್ವ.
ಸುತ್ತ ಮಗ್ಗಗಳು ಸುಮ್ಮನಿದ್ದವು.
"ಕತ್ತರಿಸಿದ್ದ ಛಲೋ ಆತು ಬಿಡೋ ಮಾರಾಯಾ"
ಎಂದು ಪದ್ಮಣ್ಣ ನಕ್ಕ.
ಮೈಬೂಸಾಬ ನಗಲಿಲ್ಲ.
ಟವೆಲ್ಲು ಝಾಡಿಸಿ ಹೆಗಲಿಗೆ ಹಾಕಿದ,
ಅಷ್ಟು ವರ್ಷದ ಅಪರಾಧ ಇಷ್ಟು ಅಗ್ಗವೇ
ಎಂದು ಬೇಸರವಾದವನಂತೆ.

ಮತ್ತೆ ಜಗಳ ಮೊದಲಿನಿಂದ ಶುರು:
ಚಿಲಕ, ಬೆಂಕಿ, ಎತ್ತಿದ ಕೈ.
ಕಂಡ ಒಬ್ಬನ ಮಾತು ಯಾರಿಗೂ ಬೇಡ.
ಬೆಳಗಿನ ಪಾಳಿಗೆ ಇನ್ನೂ ನಾಲ್ಕು ತಾಸು.
ನಾನು ಪರದೆ ಇಳಿಸಿ ಮಡಚುವಾಗ
ಗಂಟು ಬೆರಳಿಗೆ ಸಿಕ್ಕಿತು,
ಬಿಚ್ಚಲು ಉಗುರು ಹಚ್ಚಿ
ಬಿಟ್ಟೆ.